ಬಲದ ಜೊತೆಗೇ ಬರುವ ಬಿಸಿ

ಆ ಏರಿನ ಮೂರನೇ ತಿರುವಿನಲ್ಲಿ ನನ್ನ ಗಾಡಿ ಪ್ರತಿ ಸಲ ಸೋಲುತ್ತಿತ್ತು. ಕೆಳಗಿನಿಂದ ಟಾಪ್ ಗೇರ್‌ನಲ್ಲಿ ಚೆನ್ನಾಗೇ ಹೊರಡುತ್ತಿತ್ತು. ಮೊದಲ ತಿರುವಿಗೆ ನಾಲ್ಕನೇ ಗೇರ್, ಎರಡನೆಯದಕ್ಕೆ ಮೂರನೇ ಗೇರ್. ಮೂರನೇ ತಿರುವು ದಾಟುವಾಗ ಪೆಡಲ್ ನೆಲಕ್ಕೆ ತಾಗಿರುತ್ತಿತ್ತು, ಎಂಜಿನ್ ಕಿರುಚುತ್ತಿತ್ತು, ವೇಗದ ಮುಳ್ಳು ಮಾತ್ರ ಕೆಳಗೇ ಇಳಿಯುತ್ತಿತ್ತು. ಸರಕು ತುಂಬಿದ ಲಾರಿಗಳು ಹಿಂದೆ ಬಂದು ಅಂಟಿಕೊಂಡಾಗ ನನಗೆ ಗಾಡಿಯ ಮೇಲೆ ಸಿಟ್ಟು ಬರುತ್ತಿರಲಿಲ್ಲ, ಪಾಪ ಅನಿಸುತ್ತಿತ್ತು. ಅದು ತನ್ನ ಕೈಲಾದಷ್ಟು ಮಾಡುತ್ತಿತ್ತು.

ನನ್ನದು ಟೊಯೊಟಾ ಲ್ಯಾಂಡ್ ಕ್ರೂಸರ್, 80 ಸರಣಿಯದು. ಬಾನೆಟ್ ಕೆಳಗೆ 1ಎಚ್‌ಝಡ್ ಎಂಬ ಡೀಸೆಲ್ ಎಂಜಿನ್. ಆರು ಸಿಲಿಂಡರ್, 4,164 ಸಿಸಿ. ಎಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಟರ್ಬೊ ಇಲ್ಲ, ಇಂಧನಕ್ಕೆ ಲೆಕ್ಕ ಹಾಕುವ ಕಂಪ್ಯೂಟರ್ ಇಲ್ಲ. ಡೀಸೆಲ್ ಪಂಪ್‌ನಿಂದ ಅದನ್ನು ಸಿಂಪಡಿಸುವ ನಾಜಲ್‌ವರೆಗೆ ಎಲ್ಲವೂ ಕೈಗೆ ಸಿಗುವ ಕಬ್ಬಿಣ, ಪೈಪು, ಸ್ಕ್ರೂ. ಹೊಸದಾಗಿದ್ದಾಗ ಅದರ ಬಲ ಸುಮಾರು 130 ಅಶ್ವಶಕ್ತಿ, ಅಂದರೆ 96 ಕಿಲೋವ್ಯಾಟ್. ಇಷ್ಟು ದೊಡ್ಡ ಎಂಜಿನ್‌ಗೆ ಇದು ಕಡಿಮೆಯೇ. ಗಾಡಿಯ ತೂಕವೋ, ಖಾಲಿ ಇದ್ದಾಗಲೇ 2 ಟನ್‌ಗಿಂತ ಜಾಸ್ತಿ.

ಮನೆಯ ಶೆಡ್‌ನಲ್ಲಿ ನಾನೇ ಇದಕ್ಕೆ ಬಲ ತುಂಬಬೇಕು ಎಂದು ಹೊರಟು ನಾಲ್ಕು ವರ್ಷವಾಯಿತು. ನಾನು ಮೆಕ್ಯಾನಿಕ್ ಅಲ್ಲ. ಓದಿದ್ದೂ ಬೇರೆ, ದುಡಿಯುವುದೂ ಬೇರೆ. ಆದರೆ ಸ್ಪ್ಯಾನರ್ ಹಿಡಿದಾಗ ಸಿಗುವ ನೆಮ್ಮದಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಈ ನಾಲ್ಕು ವರ್ಷದಲ್ಲಿ ಕಲಿತದ್ದನ್ನು ಬರೆದಿಡೋಣ ಅನಿಸಿತು.

ಮೊದಲು ಒಂದು ರಾತ್ರಿ ಕಾಗದ ಪೆನ್ನು ಹಿಡಿದು ಕೂತೆ. ಆ ಏರಿಗೆ ನಿಜಕ್ಕೂ ಎಷ್ಟು ಬಲ ಬೇಕು? ಮನೆಮಂದಿ, ಸಾಮಾನು ಎಲ್ಲ ಸೇರಿ 3 ಟನ್ ಎಂದಿಟ್ಟುಕೊಂಡೆ. 100 ಮೀಟರ್ ಹೋದರೆ 8 ಮೀಟರ್ ಮೇಲೇರುವ ರಸ್ತೆ. ಅದರಲ್ಲಿ 80 ಕಿಲೋಮೀಟರ್ ವೇಗ ಬೇಕೆಂದರೆ ತೂಕ ಎತ್ತುವುದಕ್ಕೇ ಸುಮಾರು 52 ಕಿಲೋವ್ಯಾಟ್ ಹೋಗುತ್ತದೆ. ಗಾಳಿ ಸೀಳಲು ಮತ್ತು ಟೈರ್ ಉರುಳಲು ಇನ್ನೊಂದು 18ರಿಂದ 20. ಒಟ್ಟು 70ರ ಹತ್ತಿರ. ಇದು ಗಾಲಿಯ ಬಳಿ ಬೇಕಾದ ಲೆಕ್ಕ. ಗೇರ್‌ಬಾಕ್ಸ್, ಮುಂದಿನ ಹಿಂದಿನ ಗಾಲಿಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್, ಎರಡು ಆಕ್ಸಲ್ ದಾಟುವಷ್ಟರಲ್ಲಿ ಎಂಜಿನ್‌ನ ಬಲದಲ್ಲಿ ಐದನೇ ಒಂದು ಭಾಗ ಕಳೆದುಹೋಗುತ್ತದೆ ಎಂದುಕೊಂಡರೆ 96ರಲ್ಲಿ ಉಳಿಯುವುದು 77. ಮೇಲೆ ಹೋದಂತೆ ಗಾಳಿಯೂ ತೆಳುವಾಗುತ್ತದೆ. 1,000 ಮೀಟರ್ ಎತ್ತರಕ್ಕೆ ಟರ್ಬೊ ಇಲ್ಲದ ಎಂಜಿನ್ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ಬಲ ಕಳೆದುಕೊಳ್ಳುತ್ತದೆ. ಅಲ್ಲಿಗೆ ಲೆಕ್ಕ ಮುಗಿಯಿತು. ಹೊಸ ಎಂಜಿನ್ ಇದ್ದರೂ ಆ ತಿರುವಿನಲ್ಲಿ 80 ಸಿಗುವುದು ಕಷ್ಟವಿತ್ತು. ನನ್ನದಕ್ಕೆ ಎರಡೂವರೆ ದಶಕಕ್ಕೂ ಜಾಸ್ತಿ ವಯಸ್ಸು.

ನನಗೆ ಈ ಕೆಲಸ ಕಲಿಸಿದ ಹಿರಿಯರೊಬ್ಬರಿದ್ದಾರೆ. ಡೀಸೆಲ್ ಪಂಪ್ ಬಿಚ್ಚಿ ಕಟ್ಟುವುದರಲ್ಲೇ ಜೀವನ ಕಳೆದವರು. ಅವರ ಹತ್ತಿರ ಹೋಗಿ, "ಟರ್ಬೊ ಕೂರಿಸೋಣ ಅಂತಿದ್ದೀನಿ" ಎಂದೆ.

"ಕೂರಿಸು, ಬೇಡ ಅನ್ನಲ್ಲ. ಆದ್ರೆ ಇದ್ದ ಬಲ ಎಲ್ಲೆಲ್ಲಿ ಸೋರಿ ಹೋಗಿದೆ ಅಂತ ಮೊದಲು ಹುಡುಕಪ್ಪ. ಆಮೇಲೆ ಬಾ" ಎಂದರು.

ಆ ಹುಡುಕಾಟಕ್ಕೆ ಮೂರು ತಿಂಗಳು ಹಿಡಿಯಿತು. ಈಗ ಯೋಚಿಸಿದರೆ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಅದೇ.

ಹುಡುಕುವ ಮೊದಲು ಅಳೆದೆ. ಒಂದು ಸಮತಟ್ಟಾದ ಖಾಲಿ ರಸ್ತೆ ನೋಡಿಕೊಂಡೆ. ನಾಲ್ಕನೇ ಗೇರ್, 60ರಿಂದ 90ಕ್ಕೆ ಎಷ್ಟು ಸೆಕೆಂಡ್. ಹೋಗುತ್ತಾ ಮೂರು ಸಲ, ಬರುತ್ತಾ ಮೂರು ಸಲ, ಆಮೇಲೆ ಸರಾಸರಿ. 19 ಸೆಕೆಂಡ್ ಬಂತು. ಇದನ್ನು ಯಾರೂ ಬಿಡಬಾರದು. ಬಾನೆಟ್ ತೆಗೆದು ಬೆವರು ಸುರಿಸಿದ ಮೇಲೆ ಗಾಡಿ ಹಗುರವಾಗಿ ಓಡುವಂತೆ ಮನಸ್ಸಿಗೆ ಅನಿಸಿಯೇ ಅನಿಸುತ್ತದೆ. ಗಡಿಯಾರಕ್ಕೆ ಆ ಆಸೆ ಇರುವುದಿಲ್ಲ.

ಮೊದಲ ಸೋರಿಕೆ ಸಿಕ್ಕಿದ್ದು ಮಗಳಿಂದ. ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಎಂಜಿನ್ ಆಫ್ ಇತ್ತು. "ಪೂರ್ತಿ ಒತ್ತು ಪುಟ್ಟಿ" ಎಂದೆ. ಅವಳು ಎರಡೂ ಪಾದ ಇಟ್ಟು ಆಕ್ಸಿಲರೇಟರ್ ಒತ್ತಿದಳು. ನಾನು ಬಾನೆಟ್ ಕಡೆಯಿಂದ ಡೀಸೆಲ್ ಪಂಪ್‌ನ ಲಿವರ್ ನೋಡುತ್ತಿದ್ದೆ. ಅದು ಕೊನೆಯ ತಡೆಗೆ ತಾಗಬೇಕು, ತಾಗಲಿಲ್ಲ. ಬೆರಳಿನಷ್ಟು ಅಂತರ ಉಳಿದಿತ್ತು. ಕೇಬಲ್ ಸಡಿಲವಾಗಿ, ಪೆಡಲ್ ಕೆಳಗಿನ ಮ್ಯಾಟ್ ದಪ್ಪವಾಗಿ, ವರ್ಷಗಟ್ಟಲೆ ನಾನು ಪೂರ್ತಿ ರೇಸ್ ಕೊಟ್ಟೇ ಇರಲಿಲ್ಲ. ಎರಡು ನಟ್ ತಿರುಗಿಸಿದ್ದಕ್ಕೆ ಕೆಲಸ ಮುಗಿಯಿತು.

ಎರಡನೆಯದು ಮುಂದಿನ ಎಡಗಾಲಿ. ಅರ್ಧ ಗಂಟೆ ಓಡಿಸಿ ಬಂದು ನಾಲ್ಕೂ ಗಾಲಿಯ ಹಬ್‌ಗೆ ಥರ್ಮಾಮೀಟರ್ ಗನ್ ಹಿಡಿದೆ. ಉಳಿದ ಮೂರಕ್ಕಿಂತ ಇದೊಂದು ತುಂಬಾ ಬಿಸಿ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿಸ್ಟನ್ ತುಕ್ಕು ಹಿಡಿದು ಹಿಂದೆ ಸರಿಯುತ್ತಿರಲಿಲ್ಲ. ಬ್ರೇಕ್ ಬಿಟ್ಟಾಗಲೂ ಪ್ಯಾಡ್ ಡಿಸ್ಕ್‌ಗೆ ಉಜ್ಜುತ್ತಲೇ ಇತ್ತು. ಆ ಉಜ್ಜಾಟಕ್ಕೆ ಬೇಕಾದ ಬಲವನ್ನೂ ಎಂಜಿನ್ನೇ ಕೊಡಬೇಕಿತ್ತು, ಅಲ್ವಾ?

ಮೂರನೆಯದು ಟೈರ್. ಗಾಡಿಗೆ ಕಂಪನಿ ಕೊಟ್ಟ ಅಳತೆ 275/70 ಆರ್ 16. ಹಿಂದಿನ ಮಾಲೀಕರು 285/75 ಆರ್ 16 ಹಾಕಿಸಿದ್ದರು. ನೋಡಲು ಚೆನ್ನಾಗಿದೆ. ಆದರೆ ಗಾಲಿಯ ವ್ಯಾಸ ನೂರಕ್ಕೆ ಐದರಷ್ಟು ದೊಡ್ಡದಾಯಿತು. ಅಂದರೆ ಪ್ರತಿ ಗೇರ್ ಕೂಡ ಅಷ್ಟೇ ಪ್ರಮಾಣದಲ್ಲಿ ಸೋತಿತು. ವೇಗದ ಮುಳ್ಳು 95 ತೋರಿಸುವಾಗ ಗಾಡಿ ನಿಜದಲ್ಲಿ 100ರಲ್ಲಿ ಹೋಗುತ್ತಿತ್ತು. ಬಲ ಬೇಕೆನ್ನುವ ಎಷ್ಟೋ ಜನ ಮೊದಲು ಮಾಡುವ ಕೆಲಸ ದೊಡ್ಡ ಟೈರ್ ಹಾಕಿಸುವುದು. ನನ್ನ ಮಟ್ಟಿಗೆ ಇದು ತಪ್ಪು ಆರಂಭ. ಟೈರ್ ಸವೆದ ಮೇಲೆ ನಾನು ಹಳೆಯ ಅಳತೆಗೇ ಮರಳಿದೆ.

ಆಮೇಲೆ ಸಣ್ಣವು. ಏರ್ ಫಿಲ್ಟರ್‌ನ ಡಬ್ಬಿಯಲ್ಲಿ ಒಣ ಎಲೆ. ಡೀಸೆಲ್ ಫಿಲ್ಟರ್ ಕಪ್ಪಾಗಿತ್ತು. ಆರು ನಾಜಲ್‌ಗಳಲ್ಲಿ ಎರಡು ಮಂಜಿನಂತೆ ಸಿಂಪಡಿಸುವ ಬದಲು ಹನಿಹನಿಯಾಗಿ ಉಗುಳುತ್ತಿದ್ದವು. ಪರೀಕ್ಷೆಯ ಪಂಪ್‌ಗೆ ಸಿಕ್ಕಿಸಿ ಹಿರಿಯರೇ ತೋರಿಸಿದರು. ನಾಜಲ್ ಸಿಂಪರಣೆ ಎಂದೂ ಕೈ ಒಡ್ಡಿ ನೋಡುವ ವಸ್ತುವಲ್ಲ, ಆ ಒತ್ತಡದಲ್ಲಿ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಕೊನೆಗೆ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಬಿಗಿಯಾಗಿ ಒತ್ತುತ್ತದೆ ಎಂದು ನೋಡುವುದು. ಪಂಪ್‌ಗೆ ಹೋಗುವ ಕರೆಂಟ್ ವೈರ್ ಬಿಚ್ಚಿ ಡೀಸೆಲ್ ನಿಲ್ಲಿಸಬೇಕು. ಸ್ಟಾರ್ಟ್ ಮಾಡುವಾಗ ಎಂಜಿನ್ ಕಾಯಿಸುವ ಗ್ಲೋ ಪ್ಲಗ್ ತೆಗೆದು ಆ ತೂತಿಗೆ ಗೇಜ್ ಸಿಕ್ಕಿಸಬೇಕು. ಪೆಟ್ರೋಲ್ ಎಂಜಿನ್‌ನ ಗೇಜ್ ಇದಕ್ಕೆ ಸಾಲದು, ಒಳ್ಳೆಯ ಡೀಸೆಲ್ ಎಂಜಿನ್‌ನಲ್ಲಿ 30 ಬಾರ್‌ಗೂ, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು ಮೂವತ್ತು ಪಟ್ಟಿಗೂ ಜಾಸ್ತಿ ಬರುತ್ತದೆ. ನನ್ನದರಲ್ಲಿ ಆರೂ ಸಿಲಿಂಡರ್ ಹತ್ತಿರಹತ್ತಿರ ಬಂದವು. ಅಂದು ನನಗಾದ ಖುಷಿ ಇಷ್ಟಿಷ್ಟಲ್ಲ. ಒಂದು ಸಿಲಿಂಡರ್ ಬಿದ್ದಿದ್ದರೂ ಟರ್ಬೊ ಆಸೆಯನ್ನು ಅಲ್ಲೇ ಬಿಡುತ್ತಿದ್ದೆ. ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ರಿಂಗ್ ಸೋತಿದ್ದರೆ ಅದರ ಮೇಲೆ ಒತ್ತಡ ಹೇರುವುದು ಎಂಜಿನ್‌ಗೆ ಮಾಡುವ ಅನ್ಯಾಯ.

ಮತ್ತೆ ಅದೇ ರಸ್ತೆ, ಅದೇ ಗೇರ್. 15 ಸೆಕೆಂಡ್. ಇನ್ನೂ ಏನನ್ನೂ ಸೇರಿಸಿರಲಿಲ್ಲ!

ಅಲ್ಲಿಗೇ ನಿಲ್ಲಿಸಬಹುದಿತ್ತು. ಸುಮ್ನೆ ಊರೊಳಗೆ ಓಡಾಡುವವರಿಗೆ ಅಷ್ಟೇ ಸಾಕು ಎಂದು ಈಗಲೂ ಹೇಳುತ್ತೇನೆ. ನನಗೆ ಆ ಮೂರನೇ ತಿರುವು ಬೇಕಿತ್ತು.

ಈ ಎಂಜಿನ್ ನಿಮಿಷಕ್ಕೆ 3,000 ಸುತ್ತಿನಲ್ಲಿ ಓಡುವಾಗ ಅದೇ ನಿಮಿಷದಲ್ಲಿ 6,000 ಲೀಟರ್‌ನ ಹತ್ತಿರ ಗಾಳಿ ಎಳೆದುಕೊಳ್ಳುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಬಲ ಬರುವುದು ಡೀಸೆಲ್‌ನಿಂದ, ಆದರೆ ಅದು ಉರಿಯುವುದಕ್ಕೆ ಸಾಕಷ್ಟು ಗಾಳಿ ಇರಬೇಕು. ಗಾಳಿ ಸಾಲದೆ ಹೋದರೆ ಆ ಡೀಸೆಲ್ ಕಪ್ಪು ಹೊಗೆಯಾಗಿ ಹಿಂದಿನವರ ಮೂಗಿಗೆ ಹೋಗುತ್ತದೆ. ಕಪ್ಪು ಹೊಗೆ ಬಿಟ್ಟರೆ ಗಾಡಿಗೆ ದಮ್ಮಿದೆ ಎಂದು ತಿಳಿಯುವವರಿದ್ದಾರೆ. ಅದು ಉರಿಯದೆ ಉಳಿದ ಇಂಧನ. ಹಿಂದೆ ಸೈಕಲ್ ತುಳಿಯುತ್ತಿರುವ ಮಗುವಿನ ಎದೆಗೆ ಅದು ಇಳಿಯುತ್ತದೆ ಎಂಬುದನ್ನು ನಾನು ಮರೆಯಲಾರೆ.

ಗಾಳಿ ತುಂಬಲು ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಚಿ 1905ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಸೈಲೆನ್ಸರ್‌ನಿಂದ ಬಿಸಿ ಹೊಗೆ ಸುಮ್ನೆ ಹೊರಗೆ ಹೋಗುತ್ತದಲ್ಲ, ಅದರಲ್ಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಎಂಜಿನ್‌ಗೆ ಗಾಳಿ ತುರುಕುವುದು. ನೂರು ವರ್ಷ ದಾಟಿದ ಯೋಚನೆ. ಓದಿದಾಗಲೆಲ್ಲ ನನಗೆ ಹೊಸದಾಗಿ ಬೆರಗಾಗುತ್ತದೆ. ಆ ಪುಟ್ಟ ಚಕ್ರ ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಜಾಸ್ತಿ ತಿರುಗಬಲ್ಲದು. ಅದನ್ನು ಹಿಡಿದಿಡುವುದು ತೆಳುವಾದ ಎಣ್ಣೆಯ ಪದರ ಮಾತ್ರ.

ಆ ಎಣ್ಣೆಯ ವಿಷಯದಲ್ಲೇ ನಾನು ಎಡವಿದೆ. ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಹೊಸ ಮ್ಯಾನಿಫೋಲ್ಡ್ ಕೂರಿಸಿದೆ, ಟರ್ಬೊ ಕಟ್ಟಿದೆ, ಬ್ಲಾಕ್‌ನಿಂದ ಎಣ್ಣೆಯ ಸಣ್ಣ ಪೈಪ್ ಎಳೆದೆ, ಕೆಳಗೆ ಎಂಜಿನ್‌ನ ಎಣ್ಣೆ ತೊಟ್ಟಿಯಾದ ಸಂಪ್‌ಗೆ ಮರಳುವ ದಪ್ಪ ಪೈಪ್ ಜೋಡಿಸಿದೆ. ಸ್ಟಾರ್ಟ್ ಮಾಡಿದ ಹತ್ತು ನಿಮಿಷಕ್ಕೆ ಸೈಲೆನ್ಸರ್‌ನಿಂದ ನೀಲಿ ಹೊಗೆ. ಟರ್ಬೊ ಕೆಟ್ಟಿದೆ ಎಂದು ಎದೆ ಒಡೆದು ಹೋಯಿತು. ಎರಡು ದಿನ ಶೆಡ್ ಕಡೆ ಹೋಗಲಿಲ್ಲ. ಮೂರನೇ ದಿನ ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಮರಳುವ ಪೈಪ್ ಒಂದು ಕಡೆ ಹೊಟ್ಟೆ ಬಿಟ್ಟುಕೊಂಡು ಜೋತುಬಿದ್ದಿತ್ತು. ಟರ್ಬೊಗೆ ಎಣ್ಣೆ ಒತ್ತಡದಿಂದ ಹೋಗುತ್ತದೆ, ಮರಳುವಾಗ ಒತ್ತಡವಿಲ್ಲ, ತನ್ನ ತೂಕದಿಂದ ಇಳಿಯಬೇಕು. ದಾರಿಯಲ್ಲಿ ತಗ್ಗು ಇದ್ದರೆ ಅಲ್ಲೇ ನಿಲ್ಲುತ್ತದೆ. ಹಿಂದಿನಿಂದ ಬರುವ ಎಣ್ಣೆಗೆ ಜಾಗವಿಲ್ಲದೆ ಸೀಲ್ ದಾಟಿ ಹೊಗೆಯ ಕಡೆ ನುಗ್ಗುತ್ತದೆ. ಪೈಪ್ ಅನ್ನು ಮೊಟಕು ಮಾಡಿ, ನೇರ ಇಳಿಜಾರಾಗಿ ಕಟ್ಟಿದೆ. ಹೊಗೆ ನಿಂತಿತು. ಟರ್ಬೊಗೆ ಏನೂ ಆಗಿರಲಿಲ್ಲ.

ಎಷ್ಟು ಗಾಳಿ ತುಂಬಬೇಕು? ಇಲ್ಲಿ ಈ ಎಂಜಿನ್‌ನ ಸ್ವಭಾವ ಗೊತ್ತಿರಬೇಕು. ಇದರ ಕಂಪ್ರೆಷನ್ ಅನುಪಾತ, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬ ಲೆಕ್ಕ, 22.4ಕ್ಕೆ 1. ಇದೇ ಕಂಪನಿ ಟರ್ಬೊ ಜೊತೆಗೇ ಮಾಡಿದ 1ಎಚ್‌ಡಿ-ಟಿ ಎಂಬ ಎಂಜಿನ್‌ನಲ್ಲಿ ಅದು 18.6ಕ್ಕೆ 1. ಅದರಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುತ್ತದೆ. ನನ್ನದರಲ್ಲಿ ಹೆಡ್ ಒಳಗಿನ ಪುಟ್ಟ ಕೋಣೆಯಲ್ಲಿ ಮೊದಲು ಹೊತ್ತಿಕೊಂಡು, ಆಮೇಲೆ ಸಿಲಿಂಡರ್‌ಗೆ ಹಬ್ಬುತ್ತದೆ. ಆ ಕೋಣೆ ಬಿಸಿಯನ್ನೆಲ್ಲ ತಾನೇ ತಿನ್ನುತ್ತದೆ. ಟರ್ಬೊ ಹಾಕಿ ದುರಾಸೆ ಮಾಡಿದ ಇಂಥ ಎಂಜಿನ್‌ಗಳು ಬಿರುಕು ಬಿಡುವುದು ಅಲ್ಲೇ. ಹಾಗಾಗಿ ನಾನು ಅರ್ಧ ಬಾರ್‌ಗೆ, ಅಂದರೆ 7 ಪಿಎಸ್‌ಐಗೆ ನಿಂತೆ.

ಅರ್ಧ ಬಾರ್ ಎಂದರೆ ಕಡಿಮೆ ಅನಿಸಬಹುದು. ಆದರೆ ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪ್‌ನ ತುದಿ ಮುಟ್ಟಿ ನೋಡಿದವರಿಗೆಲ್ಲ ಗೊತ್ತು. 30 ಡಿಗ್ರಿ ಗಾಳಿ ಅರ್ಧ ಬಾರ್‌ಗೆ ಒತ್ತಿದಾಗ ಸುಮಾರು 80 ಡಿಗ್ರಿಯಾಗಿ ಹೊರಬರುತ್ತದೆ. ಬಿಸಿ ಗಾಳಿ ಹಿಗ್ಗಿರುತ್ತದೆ, ಅದೇ ಜಾಗದಲ್ಲಿ ಕಡಿಮೆ ಹಿಡಿಯುತ್ತದೆ. ಮಧ್ಯೆ ಗಾಳಿ ತಣಿಸುವ ಇಂಟರ್‌ಕೂಲರ್ ಇಟ್ಟು 45 ಡಿಗ್ರಿಗೆ ಇಳಿಸಿದರೆ, ಒತ್ತಡ ಹೆಚ್ಚಿಸದೆಯೇ ನೂರಕ್ಕೆ ಹತ್ತರಷ್ಟು ಜಾಸ್ತಿ ಗಾಳಿ ಒಳಗೆ ಹೋಗುತ್ತದೆ. ಇನ್ನೊಂದಷ್ಟು ಒತ್ತಡ ಹೇರುವ ಬದಲು ನಾನು ಆ ದುಡ್ಡನ್ನು ಇಂಟರ್‌ಕೂಲರ್‌ಗೆ ಹಾಕಿದೆ. ಇದರಷ್ಟು ಸರಿಯಾದ ತೀರ್ಮಾನ ಈ ಕೆಲಸದಲ್ಲಿ ನಾನು ಬೇರೆ ಮಾಡಿಲ್ಲ.

ಇಲ್ಲಿಂದ ಮುಂದೆ ನನ್ನ ಕೆಲಸವೆಲ್ಲ ಬಿಸಿಯ ಹಿಂದೆ ಓಡುವುದಾಯಿತು. ಲೆಕ್ಕ ನೋಡಿ. ಹಳೆಯ ಡೀಸೆಲ್ ಎಂಜಿನ್ 100 ಕಿಲೋವ್ಯಾಟ್ ಬಲ ಕೊಡುತ್ತಿದೆ ಎಂದರೆ ಒಳಗೆ 300 ಕಿಲೋವ್ಯಾಟ್‌ನ ಹತ್ತಿರ ಇಂಧನ ಉರಿಯುತ್ತಿದೆ. ಉಳಿದ 200 ಪೂರಾ ಬಿಸಿ. ಅರ್ಧಕ್ಕರ್ಧ ಸೈಲೆನ್ಸರ್ ದಾರಿ ಹಿಡಿಯುತ್ತದೆ, ಉಳಿದದ್ದು ರೇಡಿಯೇಟರ್ ನೀರಿಗೆ, ಎಣ್ಣೆಗೆ, ಎಂಜಿನ್‌ನ ಮೈಗೆ. ಎಂಜಿನ್‌ನ ಬಲಕ್ಕೆ 30 ಕಿಲೋವ್ಯಾಟ್ ಸೇರಿಸಿದರೆ, ಹೊರಹಾಕಬೇಕಾದ ಬಿಸಿ 60 ಜಾಸ್ತಿಯಾಯಿತು. ಪಿಸ್ಟನ್ ಮಾಡಿರುವುದು ಅಲ್ಯೂಮಿನಿಯಂ ಮಿಶ್ರಲೋಹದಿಂದ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಪಿಸ್ಟನ್‌ನ ಮಿಶ್ರಲೋಹ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಅದರ ತಲೆಯ ಮೇಲೆ ಉರಿಯುವ ಬೆಂಕಿ 2,000 ಡಿಗ್ರಿ ದಾಟುತ್ತದೆ. ಆದರೂ ಉಳಿದಿದೆ ಎಂದರೆ, ಬೆಂಕಿ ಕ್ಷಣಕಾಲ ಮಾತ್ರ ಇರುತ್ತದೆ, ಆ ಬಿಸಿಯನ್ನು ರಿಂಗ್‌ಗಳು ಸಿಲಿಂಡರ್ ಗೋಡೆಗೆ ದಾಟಿಸುತ್ತವೆ, ಎಣ್ಣೆ ಕೆಳಗಿನಿಂದ ಎಳೆದುಕೊಳ್ಳುತ್ತದೆ. ಈ ದಾರಿಗಳು ಸಾಲದಾದಾಗ ಪಿಸ್ಟನ್‌ನ ಅಂಚು ಕರಗುತ್ತದೆ.

ಅದಕ್ಕೇ ಹೊಗೆಯ ಬಿಸಿ ತೋರಿಸುವ ಗೇಜ್ ಇಲ್ಲದೆ ಯಾರೂ ಡೀಸೆಲ್ ಹೆಚ್ಚುಕಡಿಮೆ ಮಾಡುವ ಪಂಪ್‌ನ ಸ್ಕ್ರೂ ಮುಟ್ಟಬಾರದು. ಅದರ ಥರ್ಮೋಕಪಲ್ ಕಡ್ಡಿ ಟರ್ಬೊಗಿಂತ ಮೊದಲು, ಮ್ಯಾನಿಫೋಲ್ಡ್‌ನಲ್ಲಿ ಇರಬೇಕು. ಟರ್ಬೊ ದಾಟಿದ ಮೇಲೆ ಅಳೆದರೆ ಭಾರ ಎಳೆಯುವಾಗ 100 ಡಿಗ್ರಿಗೂ ಜಾಸ್ತಿ ಕಡಿಮೆ ತೋರಿಸಬಹುದು. ಮ್ಯಾನಿಫೋಲ್ಡ್ ಅನ್ನು ಪೂರ್ತಿ ಕಳಚಿ, ಮೇಜಿನ ಮೇಲಿಟ್ಟು ತೂತು ಕೊರೆಯಿರಿ. ಗಾಡಿಯ ಮೇಲೇ ಕೊರೆದರೆ ಲೋಹದ ಚೂರು ಟರ್ಬೊ ಚಕ್ರಕ್ಕೆ ಹೋಗುತ್ತದೆ.

ಟರ್ಬೊ ಕೂರಿಸಿ ಡೀಸೆಲ್ ಹೆಚ್ಚಿಸದೆ ಒಂದು ವಾರ ಓಡಿಸಿದೆ. ಹೊಗೆಯ ಬಿಸಿ ಮೇಲೇರಲಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಗಾಳಿ ಜಾಸ್ತಿಯಾದರೆ ತಂಪು, ಡೀಸೆಲ್ ಜಾಸ್ತಿಯಾದರೆ ಬಿಸಿ. (ಪೆಟ್ರೋಲ್ ಎಂಜಿನ್‌ನ ಲೆಕ್ಕವೇ ಬೇರೆ, ಅಲ್ಲಿ ಇಂಧನ ಕಡಿಮೆಯಾಗಿ ಗಾಳಿ ಜಾಸ್ತಿಯಾದರೆ ಎಂಜಿನ್ ಬಡಿದುಕೊಂಡು ಕೆಟ್ಟೇ ಹೋಗಬಹುದು. ಈಚಿನ ಕಾಮನ್ ರೇಲ್ ಡೀಸೆಲ್ ಗಾಡಿಗಳಲ್ಲಿ ಈ ಕೆಲಸವೆಲ್ಲ ಕಂಪ್ಯೂಟರ್‌ನಲ್ಲಿ. ಅವುಗಳ ಬಗ್ಗೆ ನಾನು ಇಲ್ಲಿ ಮಾತಾಡುತ್ತಿಲ್ಲ.)

ಆಮೇಲೆ ಸ್ಕ್ರೂ. ಎಂಟರಲ್ಲಿ ಒಂದು ಭಾಗ, ಹಿರಿಯರ ಮಾತಿನಲ್ಲಿ ಅರೆಕಾಲು ಸುತ್ತು. ಲಾಕ್ ನಟ್ ಬಿಗಿ ಮಾಡು, ಏರಿಗೆ ಹೋಗು, ಗೇಜ್ ನೋಡು, ಬರೆದುಕೋ, ವಾಪಸ್ ಬಾ. ಮೊದಲ ಅರೆಕಾಲಿಗೆ ಗಾಡಿಗೆ ಹೊಸ ಜೀವ ಬಂದಂತಾಯಿತು. ಎರಡನೆಯದಕ್ಕೆ ಇನ್ನೂ ಚೆನ್ನಾಯಿತು. ಮೂರನೆಯದಕ್ಕೆ ಪಿಕಪ್ ಹೇಗಿತ್ತೆಂದರೆ ನಾನು ಒಬ್ಬನೇ ಗಾಡಿಯೊಳಗೆ ಜೋರಾಗಿ ನಕ್ಕುಬಿಟ್ಟೆ. ಆ ಏರಿನ ಮೂರನೇ ತಿರುವಿನಲ್ಲಿ ಗೇಜ್ 720 ತೋರಿಸಿತು.

ನಕ್ಕದ್ದು ಅಲ್ಲಿಗೇ ನಿಂತಿತು. ನಾನು ನನಗೆ ಹಾಕಿಕೊಂಡಿದ್ದ ಗಡಿ 650. ಅವತ್ತೇ ಸಂಜೆ ಆ ಮೂರನೇ ಅರೆಕಾಲನ್ನು ಹಿಂದಕ್ಕೆ ತಿರುಗಿಸಿದೆ. ಸಿಕ್ಕ ಬಲವನ್ನು ವಾಪಸ್ ಕೊಡುವುದು ಕಷ್ಟ, ಕೈ ಹಿಂಜರಿಯುತ್ತದೆ. ಆದರೆ ಆ ಸ್ಕ್ರೂ ಹಾಗೇ ಬಿಟ್ಟಿದ್ದರೆ ಇವತ್ತು ಈ ಬರಹ ಬೇರೆ ಥರ ಇರುತ್ತಿತ್ತು.

ಈಗ 60ರಿಂದ 90ಕ್ಕೆ 10 ಸೆಕೆಂಡ್.

ಬಿಸಿ ಅಲ್ಲಿಗೆ ಬಿಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ನೀರಿನ ಉಷ್ಣತೆ ಏರತೊಡಗಿತು. ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ನಡುವೆ ಆರಾಮಾಗಿ ನಿಂತಿತ್ತು. ಆ ಮುಳ್ಳನ್ನು ಸಣ್ಣಪುಟ್ಟ ಏರಿಳಿತಕ್ಕೆ ಅಲುಗಾಡದಂತೆ ಮಾಡಿರುತ್ತಾರೆ. ನಾನು ಬೇರೆ ಸೆನ್ಸರ್ ಹಾಕಿದ್ದರಿಂದ ಗೊತ್ತಾಯಿತು. ಎಸಿಯ ಕಂಡೆನ್ಸರ್ ಬಿಚ್ಚಿದರೆ, ಅದಕ್ಕೂ ರೇಡಿಯೇಟರ್‌ಗೂ ಮಧ್ಯೆ ಒಣಗಿದ ಮಣ್ಣು, ಹುಳು, ಹುಲ್ಲಿನ ಬೀಜ. ಫ್ಯಾನ್‌ನ ನಡುವೆ ಇರುವ ಕಪ್ಲಿಂಗ್‌ನ ಸಿಲಿಕೋನ್ ಎಣ್ಣೆಯೂ ಸೋರಿ ಹೋಗಿತ್ತು. ಹಾಗಾಗಿ ಫ್ಯಾನ್ ತಿರುಗುತ್ತಿದ್ದರೂ ಗಾಳಿ ಎಳೆಯುತ್ತಿರಲಿಲ್ಲ. ಹಳೆಯ ಬಲಕ್ಕೆ ಇವೆಲ್ಲ ಹೇಗೋ ಸಾಕಾಗಿದ್ದವು.

ಬ್ರೇಕ್ ಬಗ್ಗೆ ಯಾರೂ ಯಾಕೆ ಜಾಸ್ತಿ ಬರೆಯುವುದಿಲ್ಲವೋ ನನಗೆ ತಿಳಿಯದು. ಹತ್ತಿದ ಗಾಡಿ ಇಳಿಯಲೇಬೇಕಲ್ಲ. 3 ಟನ್ ತೂಕ 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ, 30 ಡಿಗ್ರಿಯ 50 ಲೀಟರ್ ನೀರನ್ನು ಕುದಿಯುವವರೆಗೆ ಕಾಯಿಸುವಷ್ಟು. ಅದರಲ್ಲಿ ಒಂದಷ್ಟನ್ನು ಗಾಳಿ, ಟೈರ್, ಎಂಜಿನ್ ತಡೆದುಕೊಳ್ಳುತ್ತವೆ. ಮಿಕ್ಕಿದ್ದೆಲ್ಲ ಬ್ರೇಕ್‌ಗೆ. 80ರ ಬದಲು 100ರಲ್ಲಿ ಹೋಗುತ್ತಿದ್ದರೆ ನಿಲ್ಲಿಸುವಾಗ ಹೊರಬರುವ ಬಿಸಿ ನೂರಕ್ಕೆ 56ರಷ್ಟು ಜಾಸ್ತಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಅದೇ ಗಡಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ಸೀದಾ ಒಳಗೆ ಹೋಗುತ್ತದೆ. ಟರ್ಬೊ ಕೊಳ್ಳುವ ಮೊದಲು ನಾನು ಹೊಸ ಡಿಸ್ಕ್, ಪ್ಯಾಡ್, ಹೋಸ್ ಹಾಕಿದ್ದೆ. ನಿಮ್ಮ ಹತ್ತಿರ ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಬ್ರೇಕ್ ಮಾಡಿಸಿ, ದಯವಿಟ್ಟು.

ಕಾನೂನಿನ ಮಾತೂ ಇದೆ. ಎಂಜಿನ್‌ನಲ್ಲಿ ಬದಲಾವಣೆ ಮಾಡಿದರೆ ಹಲವು ದೇಶಗಳಲ್ಲಿ ಒಪ್ಪಿಗೆ ಬೇಕು, ವಿಮೆಯವರಿಗೂ ತಿಳಿಸಬೇಕು. ಕೆಲಸ ಶುರುವಾಗುವ ಮೊದಲೇ ವಿಚಾರಿಸಿಕೊಳ್ಳಿ.

ಕಳೆದ ತಿಂಗಳು ಮಗಳ ಜೊತೆ ಆ ಏರು ಹತ್ತಿದೆ. ಅವಳು ಈಗ ನನ್ನ ಭುಜಕ್ಕೆ ಬಂದಿದ್ದಾಳೆ. ಪಕ್ಕದ ಸೀಟಿನಲ್ಲಿ ಕೂತು ಗೇಜ್ ಓದುವುದು ಅವಳ ಕೆಲಸ, ಯಾರೂ ಹೇಳಿ ಕೊಟ್ಟದ್ದಲ್ಲ. ಮೂರನೇ ತಿರುವಿನಲ್ಲಿ ಗಾಡಿ ನಾಲ್ಕನೇ ಗೇರ್‌ನಲ್ಲೇ ಇತ್ತು.

"ಆರುನೂರ ಹತ್ತು. ಆರುನೂರ ಮೂವತ್ತು. ಅಪ್ಪ, ನಲವತ್ತು."

ಮೂರಕ್ಕೆ ಇಳಿಸಿ ಪೆಡಲ್ ಸ್ವಲ್ಪ ಬಿಟ್ಟೆ. ಸುತ್ತು ಏರಿತು, ಗಾಳಿ ಜಾಸ್ತಿ ನುಗ್ಗಿತು, ಅವಳು ಓದುವ ಅಂಕಿ ಇಳಿಯತೊಡಗಿತು. ತುದಿ ತಲುಪಿದ ಮೇಲೆ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಎರಡು ನಿಮಿಷ ಬಿಟ್ಟೆ. ಕಾದ ಟರ್ಬೊದೊಳಗೆ ಎಣ್ಣೆ ನಿಂತರೆ ಅಲ್ಲೇ ಸುಟ್ಟು ಕರಿಯಾಗುತ್ತದೆ. ಅವಳು ಕಿಟಕಿ ಇಳಿಸಿ ಕೆಳಗಿನ ರಸ್ತೆ ನೋಡುತ್ತಿದ್ದಳು. ನಾನು ಗೇಜ್ 200ಕ್ಕೆ ಇಳಿಯುವುದನ್ನು ನೋಡಿ ಕೀ ತಿರುಗಿಸಿದೆ.

ವಾಪಸ್ ಬರುವಾಗ ಟಾಪ್ ಗೇರ್‌ನಲ್ಲಿ ಒಂದು ಸಲ ಸುತ್ತು ಏರಿತು, ವೇಗ ಏರಲಿಲ್ಲ. ಕ್ಲಚ್ ಜಾರುತ್ತಿದೆ. ಗೇರ್‌ಬಾಕ್ಸ್ ಇಳಿಸಬೇಕು, ಅದು ಒಬ್ಬರ ಕೈಲಾಗುವ ತೂಕವಲ್ಲ. ಹಿರಿಯರಿಗೆ ಫೋನ್ ಮಾಡಿದ್ದೇನೆ. ಭಾನುವಾರ ಬರುತ್ತಾರೆ.